ಕಿಲ್ಡೇರಿನ ಭಕ್ತೆ ಬ್ರಿಜಿಡ್: ಚರಿತ್ರೆಯೂ ಐತಿಹ್ಯವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಪಾಠವನ್ನು ಒಪ್ಪಿಸಬೇಕೆಂದಿದ್ದೇವೆ. ಇದು ಹೊಸ ಪಾಠವಲ್ಲ. ಒಮ್ಮೆ ನಾವು ಸರಿಯಾಗಿ ಕಲಿಸದೆ ಬಿಟ್ಟ ಪಾಠ.

ನಾವು ಉಪಾಧ್ಯಾಯಿನಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಒಂಬತ್ತನೆಯ ತರಗತಿಗೆ ಐರ್ಲೆಂಡ್ ದೇಶದ ಭಕ್ತೆ ಬ್ರಿಜಿಡಳ ಕಥೆಯನ್ನು ಹೇಳುತ್ತಿದ್ದೆವು. ಮಳೆಯಲ್ಲಿ ನೆನೆದ ತನ್ನ ಮೇಲುಹೊದಿಕೆಯನ್ನು ಆಕೆಯು ಮನೆಯೊಳಗೆ ಬಿದ್ದ ಬಿಸಿಲುಕೋಲಿನ ಮೇಲೆ ಹರವಿದಳೆಂದೂ, ಅದು ಹಗ್ಗದ ಮೇಲೆ ನಿಂತಂತೆ ನಿಂತಿತೆಂದೂ ಹೇಳಿದಾಗ, ಸಿರುಗುಪ್ಪದ ಕಡೆಯಿಂದ ಬಂದು ವಸತಿಗೃಹದಲ್ಲಿದ್ದ ಒಬ್ಬ ಹುಡುಗಿಯು ಎದ್ದು ನಿಂತು, “ಅಮ್ಮಾ, ಇದು ನಿಜವಾಗಿ ನಡೆದದ್ದೋ?” ಎಂದು ಕೇಳಿದಳು. ತರಗತಿಯೆಲ್ಲಾ ನಕ್ಕಿತು. ನಮಗೆ ಉತ್ತರ ತೋರಲಿಲ್ಲ. ತೋರದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. “ಭಕ್ತರ ವಿಷಯದಲ್ಲಿ ಹಾಗೆಲ್ಲಾ ಕೇಳಬಾರದು, ಕೂತುಕೋ” ಎಂದೆವು. ಅವಳು ಕುಳಿತಳು. ಆ ವರ್ಷವು ಮುಗಿಯುವವರೆಗೆ ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೇಸಿಗೆಯ ರಜೆಗೆ ಊರಿಗೆ ಹೋದವಳಿಗೆ ಮದುವೆ ನಿಶ್ಚಯವಾಯಿತು. ತಿರುಗಿ ಶಾಲೆಗೆ ಬರಲಿಲ್ಲ. ಅವಳಿಗೆ ಕೊಡಬೇಕಾದ ಉತ್ತರವು ಅಂದಿನಿಂದ ನಮ್ಮ ಮೇಲೆ ಸಾಲವಾಗಿ ಉಳಿದಿದೆ.

1. ಕೋಟೆಯ ಕಥೆ

ದೂರದ ದೇಶಕ್ಕೆ ಹೋಗುವ ಮೊದಲು ನಮ್ಮ ಊರಿನ ಗುಡ್ಡವನ್ನೇ ನೋಡೋಣ. ಬಳ್ಳಾರಿಯ ಕೋಟೆಯನ್ನು ಹೈದರಾಲಿಯು ಒಬ್ಬ ಫ್ರೆಂಚ್ ಇಂಜಿನಿಯರನಿಂದ ಬಲಪಡಿಸಿದನೆಂದೂ, ಕೆಲಸವು ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂದು ಕಂಡು, ಶತ್ರುಗಳಿಗೆ ಅದು ಅನುಕೂಲವಾಗುವುದೆಂಬ ಸಿಟ್ಟಿನಿಂದ ಆ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂದೂ ನಮ್ಮಲ್ಲಿ ಎಲ್ಲರೂ ಕೇಳಿರುವೆವು. ಇದರಲ್ಲಿ ಕೋಟೆಯು ಕಣ್ಣಿಗೆ ಕಾಣುವ ವಸ್ತು. ಎದುರಿನ ಗುಡ್ಡವೂ ಹಾಗೆಯೇ. ಗಲ್ಲಿನ ಸಂಗತಿಯಾದರೋ ಬಾಯಿಂದ ಬಾಯಿಗೆ ಬಂದ ಮಾತು. ಆದರೂ ಅದು ವ್ಯರ್ಥವಾದ ಮಾತಲ್ಲ. ಅರಸರ ಸೇವೆಯು ಎಷ್ಟು ಅಪಾಯದ್ದೆಂದು ಜನರು ತಿಳಿದಿದ್ದರೋ ಅದನ್ನು ಈ ಕಥೆಯು ಕಾಪಾಡಿಕೊಂಡು ಬಂದಿದೆ.

ಆದುದರಿಂದ ಯಾವ ಹಳೆಯ ಕಥೆಗಾದರೂ ಎರಡು ಪ್ರಶ್ನೆಗಳನ್ನು ಹಾಕಬೇಕು. ಮೊದಲನೆಯದು: ಇದು ನಡೆದುದಕ್ಕೆ ಸಾಕ್ಷಿಯೇನು? ಎರಡನೆಯದು: ಜನರು ಇದನ್ನು ಏಕೆ ಹೇಳಿಕೊಂಡು ಬಂದರು? ಒಂದರ ಉತ್ತರವನ್ನು ಮತ್ತೊಂದಕ್ಕೆ ಕೊಡಬಾರದು. ಈ ಎರಡು ಪ್ರಶ್ನೆಗಳೊಡನೆ ಈಗ ಬ್ರಿಜಿಡಳ ಬಳಿಗೆ ಹೋಗೋಣ.

2. ಸಾಕ್ಷಿಯು ಹೇಳುವುದು

ಬ್ರಿಜಿಡಳು ಕ್ರಿ. ಶ. 451ರ ಸುಮಾರಿಗೆ ಹುಟ್ಟಿ 525ರ ಸುಮಾರಿಗೆ ತೀರಿಹೋದಳೆಂಬುದು ಪರಂಪರೆ. ಐರ್ಲೆಂಡಿನ ಪೂರ್ವಭಾಗದ ಲೆನ್‌ಸ್ಟರ್ ಪ್ರಾಂತದಲ್ಲಿ ಕಿಲ್ಡೇರ್ ಎಂಬ ಸ್ಥಳದಲ್ಲಿ ಆಕೆಯು ಮಠವನ್ನು ಸ್ಥಾಪಿಸಿದಳೆನ್ನುವರು. ಕಿಲ್ಡೇರ್ ಎಂದರೆ ಆ ನಾಡಿನ ಭಾಷೆಯಲ್ಲಿ ಓಕ್ ಮರದ ದೇವಾಲಯ ಎಂದರ್ಥ. ಆಕೆಯ ಚರಿತ್ರೆಯನ್ನು ಬರೆದವರಲ್ಲಿ ಬಹು ಹಳಬನು ಕೊಗಿಟೋಸಸ್ ಎಂಬಾತನು. ಅವನು ಕಿಲ್ಡೇರ್ ಮಠದವನು. ಏಳನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದನು. ಎಂದರೆ, ಬ್ರಿಜಿಡಳ ಮರಣಕ್ಕೂ ಆ ಗ್ರಂಥಕ್ಕೂ ನಡುವೆ ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಆಕೆಯನ್ನು ಕಣ್ಣಾರೆ ಕಂಡವರು ಯಾರೂ ಉಳಿದಿರಲಿಲ್ಲ.

ಆದರೆ ತನ್ನ ಕಾಲದ ಕಿಲ್ಡೇರನ್ನು ಕೊಗಿಟೋಸಸನು ಕಣ್ಣಾರೆ ಕಂಡಿದ್ದನು. ಅಲ್ಲಿನ ದೊಡ್ಡ ದೇವಾಲಯವನ್ನು ಅವನು ವರ್ಣಿಸಿರುವನು. ಒಂದೇ ಸೂರಿನ ಕೆಳಗೆ ಗೋಡೆಯನ್ನು ನಡುವೆ ಹಾಕಿ, ಒಂದು ಬದಿಯಲ್ಲಿ ಸನ್ಯಾಸಿನಿಯರೂ ಮತ್ತೊಂದು ಬದಿಯಲ್ಲಿ ಪುರುಷರೂ ಆರಾಧನೆಗೆ ಕೂಡುತ್ತಿದ್ದರು. ಬಲಿಪೀಠದ ಎಡಬಲಗಳಲ್ಲಿ ಬ್ರಿಜಿಡಳ ಮತ್ತು ಬಿಷಪ್ ಕಾನ್ಲೆತನ ಸಮಾಧಿಗಳು ಬೆಳ್ಳಿಬಂಗಾರಗಳಿಂದಲೂ ರತ್ನಗಳಿಂದಲೂ ಶೋಭಿಸುತ್ತಿದ್ದವು. ಕಾಡಿನಲ್ಲಿ ಒಂಟಿಯಾಗಿದ್ದ ಕಾನ್ಲೆತನನ್ನು ಕರೆತಂದು ಬಿಷಪನನ್ನಾಗಿ ಮಾಡಿಸಿದವಳು ಬ್ರಿಜಿಡಳೇ ಎಂದು ಅವನ ಹೇಳಿಕೆ. ಆಕೆಯ ತರುವಾಯವೂ ಶತಮಾನಗಳ ವರೆಗೆ ಆ ಮಠದ ಆಡಳಿತವು ಮಠಾಧ್ಯಕ್ಷೆಯರ ಕೈಯಲ್ಲಿಯೇ ಇದ್ದಿತು. ಸ್ತ್ರೀಯು ನಡೆಸಿದ ದೊಡ್ಡದೊಂದು ಸಂಸ್ಥೆಯು ಏಳನೆಯ ಶತಮಾನದಲ್ಲಿ ಅಲ್ಲಿ ಇದ್ದುದು ಸಾಕ್ಷಿಯುಳ್ಳ ಸಂಗತಿ.

ಇನ್ನೊಂದನ್ನೂ ಮುಚ್ಚಿಡಬಾರದು. ಕ್ರೈಸ್ತಮತವು ಬರುವ ಮುಂಚೆ ಐರಿಷ್ ಜನರು ಬ್ರಿಜಿಡ್ ಎಂಬ ಇದೇ ಹೆಸರಿನ ದೇವಿಯನ್ನು ಪೂಜಿಸುತ್ತಿದ್ದರು. ಕವಿಗಳು ಆಕೆಯನ್ನು ಆರಾಧಿಸುತ್ತಿದ್ದರೆಂದೂ, ವೈದ್ಯಕ್ಕೂ ಕಮ್ಮಾರಿಕೆಗೂ ಒಡತಿಯರಾದ ಅದೇ ಹೆಸರಿನ ಇಬ್ಬರು ತಂಗಿಯರು ಆಕೆಗಿದ್ದರೆಂದೂ ಕ್ರಿ. ಶ. 900ರ ಸುಮಾರಿನ ಕಾರ್ಮಕನ ನಿಘಂಟು ತಿಳಿಸುವುದು. ಭಕ್ತೆಯ ಹಬ್ಬವಾದ ಫೆಬ್ರವರಿ 1ನೆಯ ತಾರೀಖು ಆ ನಾಡಿನ ಹಳೆಯ ವಸಂತಾರಂಭದ ಹಬ್ಬವೂ ಹೌದು. ಆದುದರಿಂದ ಚರಿತ್ರಕಾರರಲ್ಲಿ ಕೆಲವರು, ದೇವಿಯ ಕಥೆಗಳೇ ಭಕ್ತೆಯ ಕಥೆಗಳಾದುವೆನ್ನುವರು; ಕೆಲವರು, ನಿಜವಾದ ಒಬ್ಬ ಮಠಾಧ್ಯಕ್ಷೆಯ ಸುತ್ತ ಹಳೆಯ ಕಥೆಗಳು ಹಬ್ಬಿಕೊಂಡುವೆನ್ನುವರು.

3. ಜನರು ಹೇಳಿಕೊಂಡು ಬಂದುದು

ತಾಯಿಯು ಬ್ರಿಜಿಡಳನ್ನು ಬೆಣ್ಣೆ ತೆಗೆಯುವುದಕ್ಕೆ ಕಳುಹಿಸಿದಳಂತೆ. ನಮ್ಮ ಹಳ್ಳಿಯ ಮನೆಗಳಲ್ಲಿ ಕಡಗೋಲು ಹಿಡಿದ ಪ್ರತಿಯೊಬ್ಬ ಹುಡುಗಿಗೂ ಆ ಕೆಲಸದ ಲೆಕ್ಕವು ಗೊತ್ತು. ಬೆಣ್ಣೆಯ ಉಂಡೆಗಳನ್ನು ಹಿರಿಯರು ಎಣಿಸದೆ ಬಿಡರು. ಬ್ರಿಜಿಡಳೋ ಬಂದ ಬಂದ ಬಡವರಿಗೆಲ್ಲಾ ಕೊಟ್ಟು ಮುಗಿಸಿದಳು. ಲೆಕ್ಕವೊಪ್ಪಿಸುವ ಹೊತ್ತು ಬಂದಾಗ ಹೆದರಿ ಪ್ರಾರ್ಥಿಸಿದಳು. ಬೆಣ್ಣೆಯು ಮೊದಲಿಗಿಂತ ಹೆಚ್ಚಾಗಿ ಕಂಡಿತು. ಇನ್ನೊಮ್ಮೆ ಅತಿಥಿಗಳಿಗಾಗಿ ಬೇಯುತ್ತಿದ್ದ ಮಾಂಸವನ್ನು ಹಸಿದು ಬಂದ ನಾಯಿಗೆ ಹಾಕಿದಳು, ಅತಿಥಿಗಳಿಗೇನೂ ಕಡಿಮೆಯಾಗಲಿಲ್ಲ. ಬಿಷಪರು ಬಂದ ದಿನ ಉಣಿಸಲು ಏನೂ ಇಲ್ಲದಿರಲು, ಒಂದೇ ಹಸುವನ್ನು ಮೂರು ಸಲ ಕರೆದಳು. ಸಮುದ್ರದಾಚೆಯಿಂದ ತಂದ ಕಾನ್ಲೆತನ ಆರಾಧನಾವಸ್ತ್ರಗಳನ್ನೂ ಬಡವರಿಗೆ ಕೊಟ್ಟುಬಿಟ್ಟಳು.

ಹುಟ್ಟಿನ ವಿಷಯದಲ್ಲಿ ಕಥೆಗಳು ಒಂದೇ ತೆರನಾಗಿಲ್ಲ. ಕೊಗಿಟೋಸಸನು ಆಕೆಯನ್ನು ಕುಲೀನರಾದ ಕ್ರೈಸ್ತರ ಮಗಳೆನ್ನುವನು. ಆಮೇಲಿನ ಚರಿತ್ರೆಗಳಲ್ಲಿ ತಾಯಿಯು ದಾಸಿ, ಬಸುರಿಯಾಗಿರುವಾಗಲೇ ಮಾರಲ್ಪಟ್ಟವಳು. ಆ ಚರಿತ್ರೆಗಳಲ್ಲಿ ಬರುವ ಒಂದು ಪ್ರಸಂಗವು ಬಹಳ ಗಂಭೀರವಾದುದು. ಮನೆಯ ವಸ್ತುಗಳನ್ನೆಲ್ಲಾ ದಾನ ಮಾಡುವ ಮಗಳ ಕಾಟ ತಾಳಲಾರದೆ ತಂದೆಯು ಅವಳನ್ನು ಅರಸನಿಗೆ ಮಾರಲು ರಥದಲ್ಲಿ ಕರೆದೊಯ್ದನು. ಅವಳನ್ನು ಹೊರಗೆ ಕೂರಿಸಿ, ಕತ್ತಿಯನ್ನು ರಥದಲ್ಲಿಯೇ ಬಿಟ್ಟು ಒಳಗೆ ಹೋದನು. ಅಷ್ಟರಲ್ಲಿ ಒಬ್ಬ ಕುಷ್ಠರೋಗಿಯು ಭಿಕ್ಷೆ ಬೇಡಿದನು. ಕೈಯಲ್ಲಿ ಬೇರೇನೂ ಇಲ್ಲದೆ ಅವಳು ಆ ಬೆಲೆಯುಳ್ಳ ಕತ್ತಿಯನ್ನೇ ಕೊಟ್ಟಳು. ಇದನ್ನು ಕೇಳಿದ ಅರಸನು, ದೇವರ ಮುಂದೆ ಈ ಹುಡುಗಿಯ ಬೆಲೆಯು ನಮ್ಮ ಬೆಲೆಗಿಂತ ಹೆಚ್ಚೆಂದು ಹೇಳಿ, ಅವಳನ್ನು ಬಿಡಿಸಿದನು.

ವಿವಾಹಕ್ಕೆ ಒಪ್ಪದೆ ಮುಸುಕನ್ನು ಧರಿಸಿದಳೆಂಬುದರಲ್ಲಿ ಮಾತ್ರ ಕಥೆಗಳೆಲ್ಲಾ ಒಂದೇ. ಮಠಕ್ಕೆ ಭೂಮಿಯನ್ನು ಕೇಳಿದಾಗ, ನಿನ್ನ ಹೊದಿಕೆಯು ಮುಚ್ಚುವಷ್ಟನ್ನು ತೆಗೆದುಕೋ ಎಂದು ಅರಸನು ಹಾಸ್ಯ ಮಾಡಲು, ಹೊದಿಕೆಯು ಹರಡುತ್ತ ಹರಡುತ್ತ ಬಯಲನ್ನೆಲ್ಲಾ ಮುಚ್ಚಿತೆಂಬುದು ಈಚಿನ ಜನಪದ ಕಥೆ.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ವೇಲ್ಸ್ ದೇಶದ ಜೆರಾಲ್ಡ್ ಎಂಬ ಪಾದ್ರಿಯು ಕಿಲ್ಡೇರಿನ ನಂದದ ಬೆಂಕಿಯ ವಿಷಯವನ್ನು ಬರೆದನು. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯ ಮೇಲೆ ಒಂದೊಂದು ರಾತ್ರಿ ಅದನ್ನು ಕಾಯುವರು. ಇಪ್ಪತ್ತನೆಯ ರಾತ್ರಿ ಸೌದೆಯನ್ನಿಟ್ಟು, ಬ್ರಿಜಿಡಳೇ ಕಾಯಲೆಂದು ಹೋಗಿಬಿಡುವರು. ಬೆಳಗಾದರೆ ಸೌದೆ ಉರಿದಿರುವುದು, ಬೆಂಕಿ ಉಳಿದಿರುವುದು. ಆ ಬೆಂಕಿಯು ಹದಿನಾರನೆಯ ಶತಮಾನದಲ್ಲಿ ಮಠಗಳೊಡನೆ ನಂದಿಹೋಯಿತು. 1993ರಲ್ಲಿ ಬ್ರಿಜಿಡಳ ಹೆಸರನ್ನು ಹೊತ್ತ ಸನ್ಯಾಸಿನಿಯರು ಕಿಲ್ಡೇರಿನಲ್ಲಿ ಅದನ್ನು ತಿರುಗಿ ಹೊತ್ತಿಸಿದರು. 2023ರಿಂದ ಆಕೆಯ ಹಬ್ಬಕ್ಕೆ ಐರ್ಲೆಂಡಿನಲ್ಲಿ ಸರಕಾರೀ ರಜೆಯೂ ಉಂಟು. ಹಬ್ಬದ ಹಿಂದಿನ ರಾತ್ರಿ ಅಲ್ಲಿನ ಮನೆಗಳಲ್ಲಿ ಜೊಂಡಿನಿಂದ ಶಿಲುಬೆಯನ್ನು ಹೆಣೆದು ಬಾಗಿಲ ಮೇಲೆ ಕಟ್ಟುವರು.

4. ನಮ್ಮ ನೆರೆಯ ನಿದರ್ಶನ

ಒಬ್ಬಳೇ ಭಕ್ತೆಯ ಚರಿತ್ರೆಯು ಹೀಗೆ ಎರಡು ತೆರನಾಗುವುದೇಕೆ? ಇದಕ್ಕೆ ಉತ್ತರವು ನಮ್ಮ ಹಂಪೆಯಲ್ಲಿಯೇ ದೊರೆಯುವುದು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಚರಿತ್ರೆಯನ್ನು ಹಂಪೆಯ ಹರಿಹರನು ರಗಳೆಯಲ್ಲಿ ಬರೆದನು. ಅದರಲ್ಲಿ ಅಕ್ಕನು ಕೆಲವು ಷರತ್ತುಗಳ ಮೇಲೆ ಕೌಶಿಕನನ್ನು ಮದುವೆಯಾಗಿ, ಅವನು ಮಾತಿಗೆ ತಪ್ಪಲು ಬಿಟ್ಟು ಹೊರಡುವಳು. ಹದಿನೈದನೆಯ ಶತಮಾನದಲ್ಲಿ ಅದೇ ವಿಜಯನಗರದಲ್ಲಿದ್ದ ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದಾಗ, ಆ ಮದುವೆಯೇ ನಡೆಯಲಿಲ್ಲ. ಅಕ್ಕನು ಇದ್ದಳೆಂಬುದಕ್ಕೆ ಆಕೆಯ ವಚನಗಳೇ ಸಾಕ್ಷಿ. ಕಥೆಯಲ್ಲಿನ ಭೇದವು ಹೇಳಿದವರ ಕಾಲವನ್ನೂ ಭಕ್ತಿಯನ್ನೂ ತೋರಿಸುವುದು. ಅಕ್ಕನಿಗೆ ಆಕೆಯ ಸ್ವಂತ ಮಾತು ಉಳಿದಿದೆ. ಬ್ರಿಜಿಡಳಿಗೆ ಉಳಿದುದು ಆಕೆಯ ಮನೆ ಮತ್ತು ಜನರ ನೆನಪು.

ಆ ನೆನಪು ಏನನ್ನು ಹಿಡಿದಿಟ್ಟಿದೆಯೆಂದು ನೋಡಿರಿ. ಬೆಣ್ಣೆ, ಹಾಲು, ಮಾಂಸ, ಬಟ್ಟೆ, ಕತ್ತಿ: ಕಥೆಗಳಲ್ಲಿ ಬಹುಪಾಲು, ಕೊಡಬಾರದೆಂದು ಹಿರಿಯರು ಕಟ್ಟಿಟ್ಟುದನ್ನು ಹಸಿದವನಿಗೆ ಕೊಟ್ಟ ಕಥೆಗಳು. ಮತ್ತು ಅವುಗಳಲ್ಲಿ ಒಬ್ಬ ಹುಡುಗಿಯ ಬೆಲೆಯನ್ನು ಅವಳ ತಂದೆಯು ಒಂದಾಗಿ ಎಣಿಸಿದರೆ, ದೇವರು ಬೇರೊಂದಾಗಿ ಎಣಿಸುವನು.

5. ಸಲ್ಲಬೇಕಾದ ಉತ್ತರ

ಈಗ ನಮ್ಮ ಸಿರುಗುಪ್ಪದ ಹುಡುಗಿಗೆ ಹೀಗೆ ಹೇಳುವೆವು: ತಾಯೀ, ಬಿಸಿಲುಕೋಲಿನ ಮೇಲೆ ಬಟ್ಟೆ ನಿಂತಿತೆಂಬುದಕ್ಕೆ ಸಾಕ್ಷಿಯಿಲ್ಲ. ನೂರು ವರ್ಷಗಳಿಗೂ ಮೀರಿ ಕಳೆದ ಮೇಲೆ, ಆಕೆಯನ್ನು ಪ್ರೀತಿಸಿದವರು ಅದನ್ನು ಬರೆದರು. ಅಷ್ಟು ಕಾಲದ ಮೇಲೂ ಅಷ್ಟು ಪ್ರೀತಿಯು ಉಳಿದಿತ್ತೆಂಬುದು ನಿಜ. ನಿನ್ನ ಪ್ರಶ್ನೆಯು ಭಕ್ತಿಗೆ ವಿರೋಧವಲ್ಲ. ತಪ್ಪು ನಮ್ಮದು, ನೀನು ಕುಳಿತುಕೊಳ್ಳಬೇಕಾಗಿರಲಿಲ್ಲ.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ. ಕುರುಗೋಡಿನ ಹುಡುಗಿಯು ದೊಡ್ಡ ಬಸವೇಶ್ವರನ ಏಕಶಿಲೆಯ ನಂದಿಯ ಮುಂದೆ ನಿಂತು ಅಜ್ಜಿಯನ್ನು ಏನಾದರೂ ಕೇಳಿದರೆ, ಬಳ್ಳಾರಿಯ ಹುಡುಗಿಯು ಕೋಟೆಯ ಮೆಟ್ಟಿಲ ಮೇಲೆ ತಂದೆಯನ್ನು ಕೇಳಿದರೆ, ಗದರಿಸದಿರಿ. ತಿಳಿದುದನ್ನು ಹೇಳಿರಿ, ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ, ಮತ್ತು ಅವಳು ತಾನೇ ತಿಳಿದುಕೊಳ್ಳುವಷ್ಟು ವರ್ಷ ಶಾಲೆಯಲ್ಲಿ ಬಿಡಿರಿ.

ಮನನಕ್ಕೆ ಪ್ರಶ್ನೆಗಳು

1. ಕೊಗಿಟೋಸಸನು ಕಣ್ಣಾರೆ ಕಂಡುದು ಯಾವುದು, ಕೇಳಿ ಬರೆದುದು ಯಾವುದು? ಬೇರ್ಪಡಿಸಿರಿ.
2. ಕತ್ತಿಯ ಪ್ರಸಂಗದಲ್ಲಿ ತಂದೆಯ ಎಣಿಕೆಗೂ ಅರಸನ ಎಣಿಕೆಗೂ ಇರುವ ಭೇದವೇನು?
3. ನಿಮ್ಮ ಊರಿನ ಒಂದು ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆದು, ಅದಕ್ಕೆ ಈ ಪಾಠದ ಎರಡು ಪ್ರಶ್ನೆಗಳನ್ನು ಹಾಕಿರಿ.