ಇಡುವುದು ಸುಲಭ, ಅಳಿಸುವುದೇ ಕೆಲಸ

ಬಸವನಗುಡಿಯ ಗಾಂಧಿ ಬಜಾರಿನಲ್ಲಿರುವ ಒಂದು ಕನ್ನಡ ಪುಸ್ತಕದಂಗಡಿಯ ವೆಬ್‌ಸೈಟನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಪುಸ್ತಕ, ಲೇಖಕ, ಬೆಲೆ, ದಾಸ್ತಾನು ಎಲ್ಲವೂ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿವೆ. ಓದುಗರು ಪದೇ ಪದೇ ತೆರೆಯುವ ಪುಟಗಳ ಮಾಹಿತಿಯ ಪ್ರತಿ ‘ಕ್ಯಾಶ್’ ತಂತ್ರಾಂಶವಾದ ಮೆಮ್‌ಕ್ಯಾಶ್‌ಡ್‌ನಲ್ಲಿರುತ್ತದೆ. ಹೆಚ್ಚು ಮಾರಾಟವಾಗುವ ಪುಸ್ತಕಗಳನ್ನು ಅಂಗಡಿಯ ಮುಂದಿನ ಮೇಜಿನ ಮೇಲೆ ಜೋಡಿಸಿ ಉಳಿದದ್ದನ್ನು ಗೋಡೌನಿನಲ್ಲಿ ಇಡುವುದಿಲ್ಲವೇ, ಹಾಗೆ. ವ್ಯತ್ಯಾಸ ಒಂದೇ: ಮೇಜಿನ ಮೇಲಿರುವುದು ಅಸಲು, ಕ್ಯಾಶ್‌ನಲ್ಲಿರುವುದು ನಕಲು. ಅಸಲು ಬದಲಾದಾಗ ನಕಲನ್ನು ಯಾರಾದರೂ ತೆಗೆದುಹಾಕಬೇಕು. ಯಾರು, ಯಾವಾಗ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಈ ಮಾತಿನ ಸುತ್ತಲೇ ಇದೆ.

ಮೊದಲನೆಯದು, ಪುಟ ನಿಧಾನವಾಯಿತೆಂದು ಕೂಡಲೇ ಕ್ಯಾಶ್ ಹಾಕಲು ಹೋಗಬಾರದು. ಲೇಖಕರ ಪುಟ ತೆರೆಯಲು ತುಂಬಾ ಹೊತ್ತು ಹಿಡಿಯುತ್ತಿದ್ದಾಗ ಆ ಕ್ವೆರಿಗೆ ಎಕ್ಸ್‌ಪ್ಲೇನ್ ಕೊಟ್ಟು ನೋಡಿದೆವು. ಒಬ್ಬ ಲೇಖಕರ ಪುಸ್ತಕಗಳಿಗಾಗಿ ಇಡೀ ಟೇಬಲ್ಲನ್ನೇ ಜಾಲಾಡುತ್ತಿತ್ತು. ಫಾರಿನ್ ಕೀ ಕೊಟ್ಟ ಮಾತ್ರಕ್ಕೆ ಪೋಸ್ಟ್‌ಗ್ರೆಸ್ ಆ ಕಾಲಂಗೆ ತಾನಾಗಿ ಇಂಡೆಕ್ಸ್ ಕಟ್ಟುವುದಿಲ್ಲ, ನಾವೇ ಕಟ್ಟಬೇಕು. ಕಟ್ಟಿದ ಮೇಲೆ ಆ ಪುಟಕ್ಕೆ ಕ್ಯಾಶೇ ಬೇಕಾಗಲಿಲ್ಲ. ಇಲ್ಲದ ನಕಲು ಹಳತಾಗುವ ಭಯವೂ ಇಲ್ಲ.

ಎರಡನೆಯದು, ಒಂದು ಪುಸ್ತಕದ ಎಲ್ಲ ವಿವರಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹೆಸರು, ಮುಖಪುಟ, ಬೆನ್ನುಡಿ ವರ್ಷಗಟ್ಟಲೆ ಹಾಗೇ ಇರುತ್ತವೆ. ಬೆಲೆ ಆಗೀಗ ಬದಲಾಗುತ್ತದೆ. ದಾಸ್ತಾನು ಮಾತ್ರ ಕೌಂಟರಿನಲ್ಲಿ ಬಿಲ್ ಆದಂತೆಲ್ಲ ಇಳಿಯುತ್ತದೆ. ಇವೆಲ್ಲವನ್ನೂ ಒಂದೇ ಆಬ್ಜೆಕ್ಟಿನಲ್ಲಿ ತುಂಬಿ ಕ್ಯಾಶ್‌ನಲ್ಲಿ ಇಟ್ಟರೆ ಫೋನ್ ಬರುತ್ತದೆ: “ಏನ್ರೀ ಇದು, ವೆಬ್‌ಸೈಟಲ್ಲಿ ಇನ್ನೂ ಎರಡು ಕಾಪಿ ಇದೆ ಅಂತ ತೋರಿಸ್ತಿದೆ. ಕೊನೇದನ್ನ ಈಗ ತಾನೇ ಕೌಂಟರಲ್ಲಿ ಕೊಟ್ಟೆನಲ್ಲಾ!” ಅಂಗಡಿಯ ಯಜಮಾನರ ಈ ಒಂದು ಮಾತಿಗೆ ದಾಸ್ತಾನು ಕ್ಯಾಶ್‌ನಿಂದ ಹೊರಗೆ ಬಂತು. ಈಗ ಪಟ್ಟಿಯಲ್ಲಿ ‘ಲಭ್ಯ’ ಎಂದಷ್ಟೇ ಇರುತ್ತದೆ. ಗಿರಾಕಿ ಆರ್ಡರ್ ಮಾಡುವ ಕ್ಷಣದಲ್ಲಿ ಎಣಿಕೆಯನ್ನು ನೇರವಾಗಿ ಡೇಟಾಬೇಸಿನಲ್ಲಿ, ಆ ಸಾಲನ್ನು ಲಾಕ್ ಮಾಡಿಯೇ ನೋಡುತ್ತೇವೆ. ದುಡ್ಡು ಕೈ ಬದಲಾಗುವ ಹೊತ್ತಿನ ಪ್ರಶ್ನೆಗೆ ನಕಲಿನಿಂದ ಉತ್ತರ ಕೊಡಬಾರದು.

ಮೂರನೆಯದು, ಅಳಿಸುವುದಕ್ಕೂ ಒಂದು ಸಮಯವಿದೆ. ಬೆಲೆ ತಿದ್ದುವಾಗ ಕ್ಯಾಶ್ ಅಳಿಸಿ ಆಮೇಲೆ ಕಮಿಟ್ ಮಾಡಿದರೆ, ಆ ಎರಡರ ನಡುವಿನ ಚೂರು ಸಮಯದಲ್ಲಿ ಮತ್ತೊಬ್ಬರು ಅದೇ ಪುಟ ತೆರೆಯಬಹುದು. ಆಗ ಹಳೆಯ ಬೆಲೆಯೇ ಡೇಟಾಬೇಸಿನಿಂದ ಬಂದು ಕ್ಯಾಶ್‌ನಲ್ಲಿ ಮತ್ತೆ ಕೂರುತ್ತದೆ. ಆದ್ದರಿಂದ ಕಮಿಟ್ ಮೊದಲು, ಅಳಿಸುವುದು ಆಮೇಲೆ. ಆಗಲೂ ಅಪರೂಪಕ್ಕೊಮ್ಮೆ ಹಳೆಯದು ನುಸುಳಬಹುದು. ಅದಕ್ಕೇ ಪ್ರತಿ ನಕಲಿಗೂ ಒಂದು ಅವಧಿ ಬೇಕು.

ಆ ಅವಧಿಯ ಪಾಠ ಕಲಿಸಿದ್ದು ನವೆಂಬರ್. ರಾಜ್ಯೋತ್ಸವದ ರಿಯಾಯಿತಿ ಒಂದನೇ ತಾರೀಖು ಶುರುವಾಗುತ್ತದೆ. ಹಿಂದಿನ ರಾತ್ರಿ ಹನ್ನೊಂದೂವರೆಗೆ ಒಂದು ಗಂಟೆಯ ಅವಧಿ ಹಾಕಿ ಇಟ್ಟ ಬೆಲೆ, ಹನ್ನೆರಡೂವರೆವರೆಗೂ ಹಳೆಯದನ್ನೇ ಹೇಳುತ್ತದೆ. ಹಾಗಾಗಿ ಬೆಲೆಯ ನಕಲು ರಿಯಾಯಿತಿ ಶುರುವಾಗುವ ಅಥವಾ ಮುಗಿಯುವ ಹೊತ್ತನ್ನು ದಾಟದಂತೆ ಅವಧಿ ಲೆಕ್ಕ ಹಾಕಬೇಕು. ಆದರೆ ನಡುರಾತ್ರಿಗೆ ಎಲ್ಲವೂ ಒಟ್ಟಿಗೆ ಖಾಲಿಯಾದರೆ, ಕಾಯುತ್ತಿದ್ದ ಗಿರಾಕಿಗಳೆಲ್ಲ ಒಂದೇ ಸಲ ಡೇಟಾಬೇಸಿನ ಮೇಲೆ ಬೀಳುತ್ತಾರೆ. ಮೆಮ್‌ಕ್ಯಾಶ್‌ಡ್‌ನ ‘ಆಡ್’ ಆಜ್ಞೆ ಇಲ್ಲಿ ಕೈ ಹಿಡಿಯುತ್ತದೆ. ಕೊಟ್ಟ ಕೀ, ಅಂದರೆ ಗುರುತಿನ ಹೆಸರು, ಮೊದಲೇ ಇಲ್ಲದಿದ್ದರೆ ಮಾತ್ರ ಅದು ಗೆಲ್ಲುತ್ತದೆ. ಗೆದ್ದ ಒಬ್ಬರು ಡೇಟಾಬೇಸಿಗೆ ಹೋಗಿ ಬರುತ್ತಾರೆ, ಉಳಿದವರು ಕ್ಷಣಕಾಲ ಕಾಯುತ್ತಾರೆ.

ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ನನಗೆ ಸಿಗದಿದ್ದ ಪಾಠವೆಂದರೆ ಕನ್ನಡದ ಕೀಗಳದ್ದು. ಅಂಗಡಿಯ ಹಳೆಯ ಕ್ಯಾಟಲಾಗನ್ನು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು. ಆಮೇಲೆ ಯೂನಿಕೋಡಿಗೆ ಪರಿವರ್ತಿಸಿದ್ದು. ‘ಚೋಮನ ದುಡಿ’ಯ ‘ಚೋ’ ಎಂಬಲ್ಲಿನ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕ್ಯಾಟಲಾಗಿನಲ್ಲಿ ಒಂದು ರೂಪ, ಗಿರಾಕಿಯ ಮೊಬೈಲಿನಿಂದ ಬಂದದ್ದು ಇನ್ನೊಂದು ರೂಪ. ಹುಡುಕಾಟಕ್ಕೆ ‘ಇಲ್ಲ’ ಎಂಬ ಉತ್ತರ ಬಂತು, ಆ ‘ಇಲ್ಲ’ವೇ ಕ್ಯಾಶ್‌ನಲ್ಲೂ ಕೂತಿತು. ಎರಡೂ ಕಡೆ ಪಠ್ಯವನ್ನು, ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದೇ ಹೋಲಿಸುವುದು ಇದಕ್ಕೆ ಪರಿಹಾರ. ಅಕ್ಷರಗಳ ನಡುವೆ ಕಾಣದೆ ಕೂರುವ ಶೂನ್ಯ ಅಗಲದ ಚಿಹ್ನೆಗಳನ್ನು ಹುಡುಕಾಟದ ಪಠ್ಯದಿಂದ ಮಾತ್ರ ತೆಗೆಯಬೇಕು. ಪುಟದಲ್ಲಿ ತೋರಿಸುವ ಹೆಸರಿನಿಂದ ತೆಗೆದರೆ ಒತ್ತಕ್ಷರ ಕೆಡುತ್ತದೆ. ‘ಇಲ್ಲ’ ಎಂಬ ಉತ್ತರಕ್ಕೆ ತೀರಾ ಚಿಕ್ಕ ಅವಧಿ ಸಾಕು. ಇವತ್ತು ಇಲ್ಲದ ಪುಸ್ತಕ ನಾಳೆ ಪ್ರೆಸ್ಸಿನಿಂದ ಬರಬಹುದು.

ಉದ್ದದ ತೊಂದರೆಯೂ ಇದೆ. ಮೆಮ್‌ಕ್ಯಾಶ್‌ಡ್ ಕೀ 250 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಯುಆರ್‌ಎಲ್ ರೂಪಕ್ಕೆ ತಿರುಗಿಸಿದರೆ 9. ಅಂದರೆ ಇಪ್ಪತ್ತೇಳು ಸಂಕೇತಗಳಿಗೆ ಜಾಗ ಮುಗಿಯಿತು. ನಮ್ಮಲ್ಲಿ ಅದಕ್ಕಿಂತ ಉದ್ದದ ಹೆಸರಿರುವ ಸಂಶೋಧನ ಗ್ರಂಥಗಳಿಗೆ ಬರವೇ? ಹೆಸರಿನ ಬದಲು ಅದರ ಹ್ಯಾಶ್ ಬಳಸಿದರೆ ಕೀ ಎಂದೂ ಒಂದೇ ಉದ್ದ.

ಇನ್ನೊಂದು ಎಚ್ಚರಿಕೆ. ಡೇಟಾಬೇಸಿನ ಆಬ್ಜೆಕ್ಟನ್ನು ಇಡಿಯಾಗಿ ಕಟ್ಟಿ ಕ್ಯಾಶ್‌ನಲ್ಲಿ ಇಡಬೇಡಿ. ಹೊಸ ಕೋಡ್ ಬಂದು ಕ್ಲಾಸಿಗೆ ಒಂದು ಕಾಲಂ ಸೇರಿದ ದಿನ, ಹಳೆಯ ಗಂಟು ಬಿಚ್ಚುವಾಗ ಪುಟವೇ ಬೀಳುತ್ತದೆ. ಬೇಕಾದ ನಾಲ್ಕು ವಿವರಗಳನ್ನು ಜೇಸನ್ ರೂಪದಲ್ಲಿ ಇಡಿ, ಕೀಯಲ್ಲಿ ಒಂದು ಆವೃತ್ತಿ ಸಂಖ್ಯೆ ಸೇರಿಸಿ. ರಚನೆ ಬದಲಾದಾಗ ಸಂಖ್ಯೆ ಏರಿಸಿದರೆ ಹಳೆಯದನ್ನು ಯಾರೂ ಕೇಳುವುದಿಲ್ಲ.

ಕ್ಯಾಶ್ ಯಾವ ಕ್ಷಣದಲ್ಲಾದರೂ ಖಾಲಿಯಾಗಬಹುದು ಎಂದೇ ನಂಬಿ ಕಟ್ಟಬೇಕು. ಮೆಮ್‌ಕ್ಯಾಶ್‌ಡ್ ರೀಸ್ಟಾರ್ಟ್ ಆದರೆ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ, ಜಾಗ ಸಾಲದಿದ್ದರೆ ಬಹಳ ದಿನ ಯಾರೂ ಮುಟ್ಟದ್ದನ್ನು ತಾನೇ ಬಿಸಾಡುತ್ತದೆ. ನಮ್ಮೂರಿನದೇ ಕಂಪನಿ ಜೆರೋಧಾ ಗ್ರಾಹಕರ ವರದಿಗಳನ್ನು ಪ್ರತ್ಯೇಕ ಪೋಸ್ಟ್‌ಗ್ರೆಸ್‌ನಲ್ಲಿ ತಾತ್ಕಾಲಿಕ ಟೇಬಲ್‌ಗಳಾಗಿ ಇಟ್ಟು ರಾತ್ರಿ ಎಲ್ಲವನ್ನೂ ಎತ್ತಿ ಬಿಸಾಡುವ ಪದ್ಧತಿಯನ್ನು ಅದರ ಎಂಜಿನಿಯರುಗಳೇ ಬಹಿರಂಗವಾಗಿ ವಿವರಿಸಿದ್ದಾರೆ. ಧೈರ್ಯವಾಗಿ ಬಿಸಾಡಬಹುದಾದ ಕ್ಯಾಶೇ ಆರೋಗ್ಯವಂತ ಕ್ಯಾಶ್.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದಿಷ್ಟೇ. ಬೇರೆಯವರ ಕೋಡ್ ನೋಡುವಾಗ ಕ್ಯಾಶ್‌ನಲ್ಲಿ ಇಡುವ ಒಂದು ಸಾಲು ಕಂಡರೆ, ಅದನ್ನು ಅಳಿಸುವ ಸಾಲು ಎಲ್ಲಿದೆ ಎಂದು ಕೇಳಿ. ತೋರಿಸದಿದ್ದರೆ ಒಪ್ಪಿಗೆ ಕೊಡಬೇಡಿ.