ದೇವರನ್ನು ಕುರಿತು ಕಲ್ಪಿಸಿದ ಕಥೆಯನ್ನು ಓದುವ ವಿಧ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 4:15–19, ಲೂಕ 15ನೆಯ ಅಧ್ಯಾಯ, 1 ಥೆಸಲೊನೀಕ 5:19–22.

ಹೊಲದ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂತು ಕಥೆ ಕೇಳುವದಕ್ಕೆ ಇಷ್ಟವಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ನಮ್ಮ ಕರ್ತನು ಈ ಸ್ವಭಾವವನ್ನು ಬಲ್ಲವನಾಗಿ, ಬಿತ್ತುವವನನ್ನೂ ಕುರುಬನನ್ನೂ ಹಿಟ್ಟು ನಾದುವ ಹೆಂಗಸನ್ನೂ ತೋರಿಸಿ ಸಾಮ್ಯಗಳಿಂದ ಬೋಧಿಸಿದನು. ಆದರೆ ಕಥೆ ಬರೆಯುವವನೊಬ್ಬನು ದೇವರಿಗೇ ಒಂದು ಮುಖವನ್ನೂ ಉಡುಪನ್ನೂ ಮಾತನ್ನೂ ಕಲ್ಪಿಸಿ ಕೊಟ್ಟರೆ ನಾವು ಅದನ್ನು ಹೇಗೆ ಓದತಕ್ಕದ್ದು? ಇಂಥ ಒಂದು ಪುಸ್ತಕವನ್ನು ಓದಿ ಅನೇಕರು ಅತ್ತು ದೇವರನ್ನು ಸ್ತುತಿಸಿದರು. ಅನೇಕರು ಭಯಪಟ್ಟು ಅದನ್ನು ಮುಚ್ಚಿಟ್ಟರು. ಈ ಎರಡು ಪಕ್ಷದವರ ಮಾತುಗಳನ್ನೂ ಈ ಪಾಠದಲ್ಲಿ ವಿಚಾರಿಸೋಣ.

1. ಪುಸ್ತಕದ ವೃತ್ತಾಂತ

ವಿಲಿಯಂ ಪಾಲ್ ಯಂಗ್ ಎಂಬವರು ಕೆನಡಾ ದೇಶದಲ್ಲಿ ಹುಟ್ಟಿ, ಮಿಷನೆರಿಗಳಾದ ತಂದೆತಾಯಿಗಳ ಸಂಗಡ ನ್ಯೂಗಿನಿ ದ್ವೀಪದಲ್ಲಿ ಬಾಲ್ಯವನ್ನು ಕಳೆದವರು. ಅವರು ತಮ್ಮ ಆರು ಮಂದಿ ಮಕ್ಕಳಿಗೋಸ್ಕರ ಒಂದು ಕಥೆಯನ್ನು ಬರೆದು, ಮೊದಲು 15 ಪ್ರತಿಗಳನ್ನು ಮಾತ್ರ ಮಾಡಿಸಿ ಮನೆಯವರಿಗೂ ಸ್ನೇಹಿತರಿಗೂ ಕೊಟ್ಟರು. ಬಳಿಕ 2007ರಲ್ಲಿ ಸ್ನೇಹಿತರ ಸಹಾಯದಿಂದ ಅದು 'ದಿ ಶ್ಯಾಕ್', ಅಂದರೆ ಪಾಳುಗುಡಿಸಲು, ಎಂಬ ಹೆಸರಿನಿಂದ ಪ್ರಕಟವಾಯಿತು. ಒಂದು ಕೋಟಿಗಿಂತ ಹೆಚ್ಚು ಪ್ರತಿಗಳು ಮಾರಿಹೋದವು. 2017ರಲ್ಲಿ ಅದು ಚಲನಚಿತ್ರವೂ ಆಯಿತು.

ಕಥೆಯ ಸಾರವೇನಂದರೆ: ಮ್ಯಾಕ್ ಎಂಬವನು ಮಕ್ಕಳನ್ನು ಕರಕೊಂಡು ಹೋಗಿ ಅಮೆರಿಕದ ಆರೆಗಾನ್ ಸೀಮೆಯಲ್ಲಿ ಡೇರೆ ಹಾಕಿಕೊಂಡಿದ್ದಾಗ, ಅವನ ಕಿರಿಯ ಮಗಳನ್ನು ಒಬ್ಬ ದುಷ್ಟನು ಕದ್ದೊಯ್ದು ಕೊಲ್ಲುತ್ತಾನೆ. ರಕ್ತ ಹತ್ತಿದ ಅವಳ ಉಡುಪು ಕಾಡಿನ ಒಂದು ಪಾಳುಗುಡಿಸಲಿನಲ್ಲಿ ಸಿಕ್ಕುತ್ತದೆ, ದೇಹವು ಸಿಕ್ಕುವದಿಲ್ಲ. ಕೆಲವು ವರ್ಷಗಳ ಮೇಲೆ, ಅದೇ ಗುಡಿಸಲಿಗೆ ಬರಬೇಕೆಂದು ದೇವರಿಂದಲೇ ಎಂಬಂತೆ ಅವನಿಗೆ ಒಂದು ಚೀಟಿ ಬರುತ್ತದೆ. ಅವನು ಹೋದಾಗ ತಂದೆಯಾದ ದೇವರು ಅಡಿಗೆಮಾಡಿ ಬಡಿಸುವ ಕಪ್ಪು ವರ್ಣದ ಹೆಂಗಸಿನ ರೂಪದಲ್ಲಿಯೂ, ಕರ್ತನಾದ ಯೇಸು ಬಡಗಿಯಾಗಿಯೂ, ಪವಿತ್ರಾತ್ಮನು ಸರಯು ಎಂಬ ಹೆಸರುಳ್ಳ ಏಷ್ಯದ ಸ್ತ್ರೀಯಾಗಿಯೂ ಅವನನ್ನು ಎದುರುಗೊಳ್ಳುತ್ತಾರೆ. ಮ್ಯಾಕನ ಸ್ವಂತ ತಂದೆಯು ಕುಡಿದು ಬಂದು ಅವನನ್ನು ಕ್ರೂರವಾಗಿ ಹೊಡೆದವನಾದದರಿಂದ, ತಂದೆ ಎಂಬ ಮಾತೇ ಅವನಿಗೆ ಗಾಯವಾಗಿತ್ತು. ಈ ಕಾರಣದಿಂದ ದೇವರು ಮೊದಲು ತಾಯಿಯ ಹಾಗೆ ತೋರಿ, ಮಗಳ ದೇಹವನ್ನು ಹುಡುಕಿ ತರುವ ಕಠಿನವಾದ ದಿನದಲ್ಲಿ ಮಾತ್ರ ಪುರುಷರೂಪದಿಂದ ಅವನ ಸಂಗಡ ನಡೆಯುತ್ತಾನೆಂದು ಕಥೆ ಹೇಳುತ್ತದೆ. ಕಡೆಗೆ ಮ್ಯಾಕನು ಕೊಲೆಗಾರನನ್ನು ಕ್ಷಮಿಸುವದನ್ನು ಕಲಿಯುತ್ತಾನೆ.

2. ಸಂತೈಸಲ್ಪಟ್ಟವರ ಮಾತು

ಮಗುವನ್ನು ಮಣ್ಣುಮಾಡಿ ಬಂದ ತಂದೆತಾಯಿಗಳು, ಬಾಲ್ಯದಲ್ಲಿ ಹಿಂಸೆಪಟ್ಟವರು, ಪ್ರಾರ್ಥನೆಯನ್ನೇ ಬಿಟ್ಟಿದ್ದವರು ಈ ಪುಸ್ತಕದಿಂದ ದೇವರ ಕಡೆಗೆ ತಿರುಗಿದೆವೆಂದು ಹೇಳಿದರು. ಬರೆದವರು ತಾವೂ ಬಾಲ್ಯದಲ್ಲಿ ಹಿಂಸೆಗೆ ಒಳಗಾದವರೆಂದು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆ ಗುಡಿಸಲು ಮನುಷ್ಯನು ತನ್ನ ನೋವಿನಿಂದ ಕಟ್ಟಿಕೊಳ್ಳುವ ಮನೆಗೆ ಗುರುತೆಂದು ವಿವರಿಸಿದ್ದಾರೆ. ಸತ್ಯವೇದವನ್ನು ಇಂದಿನ ಇಂಗ್ಲಿಷಿಗೆ ತಿರುಗಿಸಿದ ಯೂಜೀನ್ ಪೀಟರ್ಸನ್ ಎಂಬ ಬೋಧಕರು ಇದನ್ನು ಜಾನ್ ಬನ್ಯನನ ಯಾತ್ರಿಕನ ಕಥೆಗೆ ಹೋಲಿಸಿ ಹೊಗಳಿದರು.

ಈ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಬಾರದು. ಕುಡುಕನಾದ ತಂದೆಯ ಹೆಜ್ಜೆಯ ಸಪ್ಪಳಕ್ಕೆ ನಡುಗುವ ಮಕ್ಕಳು ನಮ್ಮ ಊರುಗಳಲ್ಲಿಯೂ ಇಲ್ಲವೋ? ಅಂಥ ಮಗುವಿಗೆ 'ಪರಲೋಕದಲ್ಲಿರುವ ತಂದೆ' ಎಂದು ಕಲಿಸುವಾಗ ಅದರ ಮನಸ್ಸಿನಲ್ಲಿ ಯಾವ ಮುಖ ಏಳುವದೆಂದು ನಾವು ಯೋಚಿಸಿದ್ದುಂಟೋ? ವೇದವಾದರೂ ದೇವರ ಪ್ರೀತಿಯನ್ನು ಹೇಳುವದಕ್ಕೆ ತಾಯಿಯ ಹೋಲಿಕೆಯನ್ನು ಉಪಯೋಗಿಸಲು ಹಿಂಜರಿಯಲಿಲ್ಲ. ಯೆಶಾಯ 66:13ರಲ್ಲಿ ಸಂತೈಸುವ ತಾಯಿಯನ್ನೂ, ಮತ್ತಾಯ 23:37ರಲ್ಲಿ ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸುವ ಕೋಳಿಯನ್ನೂ, ಲೂಕ 15:8ರಲ್ಲಿ ದೀಪ ಹಚ್ಚಿ ಮನೆ ಗುಡಿಸಿ ಬೆಳ್ಳಿನಾಣ್ಯವನ್ನು ಹುಡುಕುವ ಹೆಂಗಸನ್ನೂ ನೋಡುತ್ತೇವೆ.

3. ಭಯಪಟ್ಟವರ ಮಾತು

ಮತ್ತೊಂದು ಪಕ್ಷದವರೂ ದೇವಭಕ್ತರೇ. ಅಮೆರಿಕದ ಬ್ಯಾಪ್ಟಿಸ್ಟ್ ಪಂಡಿತರಾದ ಆಲ್ಬರ್ಟ್ ಮೋಲರ್ ಎಂಬವರು 2010ರಲ್ಲಿ ಬರೆದ ಲೇಖನದಲ್ಲಿ, ಇದರಲ್ಲಿರುವ ಉಪದೇಶವು ಕಥೆಗೆ ಹಚ್ಚಿದ ಬಣ್ಣವಲ್ಲ, ಕಥೆಯ ಉದ್ದೇಶವೇ ಅದು, ಕ್ರೈಸ್ತರು ವಿವೇಚನೆಯನ್ನು ಕಳಕೊಂಡಿದ್ದಾರೆ ಎಂಬ ಅಭಿಪ್ರಾಯವನ್ನು ತಿಳಿಸಿದರು. ಈ ಪಕ್ಷದವರ ಆಕ್ಷೇಪಣೆಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ದೇವರಿಗೆ ರೂಪ ಮಾಡಬಾರದೆಂಬ ಎರಡನೆಯ ಆಜ್ಞೆ. ಎರಡನೆಯದು, ಕಥೆಯಲ್ಲಿ ತಂದೆಯ ಕೈಗಳಲ್ಲಿಯೂ ಶಿಲುಬೆಯ ಗಾಯದ ಗುರುತುಗಳಿರುವವು. ಶಿಲುಬೆಯಲ್ಲಿ ಸತ್ತವನು ಮಗನೇ ಹೊರತು ತಂದೆಯಲ್ಲವೆಂದು ಸಭೆಯ ಬೋಧಕರು ಮೂರನೆಯ ಶತಮಾನದಲ್ಲಿಯೇ ವಾದಿಸಿ ಸ್ಥಾಪಿಸಿದ್ದರು. ಮೂರನೆಯದು, ದೇವರ ನ್ಯಾಯತೀರ್ಪಿನ ಮಾತು ಇದರಲ್ಲಿ ಕ್ಷೀಣವಾಗಿದೆ ಎಂಬದು. ಈ ಮೂರನೆಯ ಭಯವು ಆಧಾರವಿಲ್ಲದ್ದಲ್ಲ. ಯಾಕಂದರೆ ಯಂಗ್ ಅವರು 2017ರಲ್ಲಿ ಪ್ರಕಟಿಸಿದ, ಕಥೆಯಲ್ಲದ ಮತ್ತೊಂದು ಪುಸ್ತಕದಲ್ಲಿ, ಎಲ್ಲರೂ ರಕ್ಷಣೆಯಲ್ಲಿ ಸೇರಿದವರೇ ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಬರೆದರು.

4. ಹೋಲಿಕೆಯೂ ರೂಪವೂ

ಹೀಗಿರಲಾಗಿ ನಾವೇನು ಹೇಳೋಣ? ದೇವರು ಇಂಥವನ ಹಾಗೆ ಇದ್ದಾನೆಂದು ಹೇಳುವದು ಒಂದು. ಇವನೇ ದೇವರು, ಇದೇ ಆತನ ಮಾತು ಎಂದು ಹೇಳುವದು ಮತ್ತೊಂದು. ನಾಣ್ಯವನ್ನು ಹುಡುಕಿದ ಹೆಂಗಸು ತಾನೇ ದೇವರೆಂದು ಹೇಳಿಕೊಳ್ಳಲಿಲ್ಲ. ಅವಳು ಬಾಗಲನ್ನು ತೋರಿಸಿ ಸರಿದು ನಿಂತಳು. ಈ ಪುಸ್ತಕದಲ್ಲಾದರೋ ದೇವರೆಂಬ ಪಾತ್ರವು ಪುಟಪುಟಗಳ ವರೆಗೂ ಮಾತಾಡುತ್ತದೆ. ಆ ಮಾತುಗಳು ಪ್ರವಾದಿಗಳವೂ ಅಲ್ಲ, ಅಪೊಸ್ತಲರವೂ ಅಲ್ಲ. ಕಣ್ಣೀರಿನಿಂದ ಮೆತ್ತಗಾದ ಹೃದಯವು ಅವುಗಳನ್ನು ದೇವರ ವಾಕ್ಯವೆಂದೇ ಹಿಡುಕೊಳ್ಳಬಹುದು. ಅಪಾಯವು ಹೆಂಗಸಿನ ರೂಪದಲ್ಲಿರುವದಕ್ಕಿಂತ ಹೆಚ್ಚಾಗಿ ಇಲ್ಲಿಯೇ ಇರುವದೆಂದು ನಮ್ಮ ಅಭಿಪ್ರಾಯ.

ಬನ್ಯನನು 1678ರಲ್ಲಿ ಪ್ರಕಟಿಸಿದ ಆ ಯಾತ್ರಿಕನ ಕಥೆಯು ಬಾಸೆಲ್ ಮಿಷನಿನವರ ಪ್ರಯತ್ನದಿಂದ ಕನ್ನಡದಲ್ಲಿಯೂ ಬಂತು. ಅವನ ಸ್ನೇಹಿತರಲ್ಲಿಯೂ ಅಚ್ಚುಹಾಕಿಸು ಎಂದವರು ಕೆಲವರು, ಬೇಡವೆಂದವರು ಕೆಲವರು; ಇದನ್ನು ಅವನೇ ಮುನ್ನುಡಿಯಲ್ಲಿ ಹೇಳಿದ್ದಾನೆ. ಹೀಗೆ ಈ ಭಿನ್ನಾಭಿಪ್ರಾಯವು ಹೊಸದಲ್ಲ. ಆದರೆ ಬನ್ಯನನು ಯಾತ್ರಿಕನನ್ನು ಪಟ್ಟಣದ ಬಾಗಲಿನ ವರೆಗೆ ಕರಕೊಂಡು ಹೋದರೂ, ಒಳಗಿರುವ ಅರಸನ ಮುಖವನ್ನು ಬರೆಯುವದಕ್ಕೆ ಕೈಹಾಕಲಿಲ್ಲ.

ಮತ್ತೊಂದು ಸಂಗತಿ ಉಂಟು. ಯಂಗ್ ಅವರು ಸರಯು ಎಂಬ ಹೆಸರನ್ನು ಗಾಳಿ ಎಂಬ ಅರ್ಥದಲ್ಲಿ ಇಟ್ಟರು. ನಮ್ಮ ದೇಶದವನು ಅದನ್ನು ಕೇಳಿದ ಕೂಡಲೆ ಅಯೋಧ್ಯೆಯ ಬಳಿಯ ನದಿಯನ್ನು ನೆನಸುವನಲ್ಲದೆ ಗಾಳಿಯನ್ನು ನೆನಸುವದಿಲ್ಲ. ಒಂದು ದೇಶದವನಿಗೆ ಬೆಳಕಾದ ಹೋಲಿಕೆಯು ಮತ್ತೊಂದು ದೇಶದವನಿಗೆ ಮಬ್ಬಾಗಬಹುದು. ನಮ್ಮ ಹಿರಿಯರಲ್ಲಿ ಅನೇಕರು ವಿಗ್ರಹಗಳನ್ನು ಬಿಟ್ಟು, ಬಂಧುಗಳನ್ನೂ ಅಗಲಿ, ಕಾಣದ ದೇವರನ್ನು ಹಿಂಬಾಲಿಸಿದವರು. ಅವರ ಮಕ್ಕಳಾದ ನಾವು ಮನಸ್ಸಿನೊಳಗೆ ಮತ್ತೊಂದು ರೂಪವನ್ನು ನಿಲ್ಲಿಸಿಕೊಳ್ಳದಂತೆ ಎಚ್ಚರವಾಗಿರತಕ್ಕದ್ದು.

5. ನಾವು ಮಾಡತಕ್ಕದ್ದು

ಬೆರೋಯದವರು ಪೌಲನ ಮಾತನ್ನು ಸಿದ್ಧಮನಸ್ಸಿನಿಂದ ಕೇಳಿದರು, ಕೇಳಿದ್ದನ್ನು ದಿನದಿನವೂ ವೇದದೊಂದಿಗೆ ಹೋಲಿಸಿ ನೋಡಿದರು (ಅ. ಕೃತ್ಯಗಳು 17:11). ನಾವು ಕಾಳನ್ನು ಮೊರದಲ್ಲಿ ಹಾಕಿ ಕೇರುವಾಗ ಹೊಟ್ಟಿಗೆ ಹೆದರಿ ಕಾಳನ್ನು ಚೆಲ್ಲುವದಿಲ್ಲ, ಕಾಳಿನ ಆಸೆಯಿಂದ ಹೊಟ್ಟನ್ನು ತಿನ್ನುವದೂ ಇಲ್ಲ. ಕಥೆಗಳನ್ನೂ ಹಾಗೆಯೇ ಓದೋಣ. ಕಥೆಯಿಂದ ಎದ್ದ ಹಸಿವನ್ನು ಸುವಾರ್ತೆಯ ಬಳಿಗೆ ತರೋಣ. ಯಾಕಂದರೆ ದೇವರು ತಾನೇ ಕೊಟ್ಟ ಮುಖವೊಂದುಂಟು, ಯೇಸುವನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ (ಯೋಹಾನ 14:9).

ಇನ್ನೂ ಒಂದು ಮಾತು. ದುಃಖದಲ್ಲಿರುವ ಸಹೋದರಿಯು ಇಂಥ ಪುಸ್ತಕದಿಂದ ಸಮಾಧಾನ ಹೊಂದಿದೆನೆಂದು ಹೇಳಿದರೆ, ಮೊದಲನೇ ಮಾತಿಗೇ ಆಕೆಯನ್ನು ತಿದ್ದುವದಕ್ಕೆ ಹೋಗಬೇಡಿರಿ. ಆಕೆಯ ಬಳಿಯಲ್ಲಿ ಕೂತು ಲೂಕ 15ನ್ನು ಆಕೆಯ ಸಂಗಡ ಓದಿರಿ. ತಂದೆ ಎಂಬ ಮಾತಿನಿಂದ ಗಾಯಪಟ್ಟವರಿಗೆ ಆ ಮಾತಿನ ನಿಜವಾದ ಅರ್ಥವನ್ನು ಸಭೆಯವರು ತಮ್ಮ ಮನೆಗಳಲ್ಲಿ ನಡೆದು ತೋರಿಸಿದ್ದರೆ, ಅವರು ಅದನ್ನು ಕಥೆಯಲ್ಲಿ ಹುಡುಕಬೇಕಾಗುತ್ತಿತ್ತೋ?

ವಿಚಾರಿಸತಕ್ಕ ಪ್ರಶ್ನೆಗಳು

1. ಲೂಕ 15ರ ಮೂರು ಸಾಮ್ಯಗಳಲ್ಲಿ ದೇವರ ಯಾವ ಗುಣವು ತೋರುತ್ತದೆ?
2. ಹೋಲಿಕೆಗೂ ವಿಗ್ರಹಕ್ಕೂ ಇರುವ ಭೇದವೇನು?
3. ನಮ್ಮ ಮನೆಯ ಮಕ್ಕಳು ನಮ್ಮನ್ನು ನೋಡಿ 'ತಂದೆ' ಎಂಬ ಮಾತಿಗೆ ಯಾವ ಅರ್ಥವನ್ನು ಕಲಿಯುತ್ತಿದ್ದಾರೆ?