ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಮೊದಲನೆಯ ವರುಷ

ನಮ್ಮ ಶಾಲೆಯಲ್ಲಿ ಓದಿ ಮುಂದೆ ಇಂಜಿನಿಯರಿಂಗ್ ಕಲಿತ ಹುಡುಗಿಯರಲ್ಲಿ ಹಲವರಿಗೆ ಕಾಲೇಜು ಮುಗಿಯುವದಕ್ಕೆ ಮೊದಲೇ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳ ನೇಮಕಪತ್ರವು ದೊರೆಯುವದು. ಮನೆಯವರಿಗೆ ಸಂತೋಷವಾಗುವದು ಸಹಜವೇ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ, “ಮಗಳಿಗೆ ಸಂಬಳ ಬರುತ್ತದೆ, ಕೆಲಸವನ್ನೇ ಕೊಟ್ಟಿಲ್ಲವಂತೆ” ಎಂದು ತಾಯಂದಿರು ಕಳವಳಪಡುವದುಂಟು. ಈ ಸಂಸ್ಥೆಗಳ ವ್ಯಾಪಾರಕ್ರಮವನ್ನು ತಿಳಿದರೆ ಆ ಕಳವಳವು ಬಹುಮಟ್ಟಿಗೆ ಕಡಿಮೆಯಾಗುವದರಿಂದ ಅದನ್ನೇ ಇಲ್ಲಿ ವಿವರಿಸುವೆವು.

1968ರಲ್ಲಿ ಪ್ರಾರಂಭವಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್, 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲಾದವು ಬ್ಯಾಂಕು, ವಿಮಾಸಂಸ್ಥೆ ಮುಂತಾದ ಗಿರಾಕಿಗಳ ಕಂಪ್ಯೂಟರ್ ಕೆಲಸವನ್ನು ಮಾಡಿಕೊಟ್ಟು ಹಣ ಪಡೆಯುವವು. ಅನೇಕ ಒಪ್ಪಂದಗಳಲ್ಲಿ ಆ ಹಣವು, ಇಷ್ಟು ಮಂದಿ ಇಷ್ಟು ತಾಸು ದುಡಿದರೆಂಬ ಲೆಕ್ಕದಿಂದ ಬರುವದು. ಗಿರಾಕಿಯ ಲೆಕ್ಕಕ್ಕೆ ಸೇರಿದ ಕಾಲಕ್ಕೆ ಬಿಲ್ಲಿಂಗ್ ಎಂದೂ, ಸಂಬಳವಿದ್ದರೂ ಯಾವ ಗಿರಾಕಿಯ ಲೆಕ್ಕಕ್ಕೂ ಸೇರದ ಕಾಲಕ್ಕೆ ಬೆಂಚು ಎಂದೂ ಹೆಸರು. ಒಪ್ಪಂದಕ್ಕೆ ಸಹಿಯಾದ ಮೇಲೆ ಜನರನ್ನು ಹುಡುಕಹೊರಟರೆ ತಡವಾಗುವದು. ಆದಕಾರಣ ಸಂಸ್ಥೆಯು ಹೊಸಬರನ್ನು ಮುಂಚಿತವಾಗಿಯೇ ಕೂಡಿಟ್ಟುಕೊಳ್ಳುವದು. ಹೀಗಿರಲಾಗಿ ಬೆಂಚಿನಲ್ಲಿರುವ ಹುಡುಗಿಯನ್ನು ದಡ್ಡಳೆಂದು ಎಣಿಸುವದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೂ ಅಲ್ಲಿ ಬಹುಕಾಲ ಉಳಿಯುವದು ಕ್ಷೇಮವಲ್ಲ. ವರುಷಕ್ಕೆ 225 ದಿವಸ ಬಿಲ್ಲಿಂಗ್ ಇರಬೇಕು, ಬೆಂಚು 35 ದಿವಸಕ್ಕೆ ಮೀರಕೂಡದು ಎಂದು ಟಾಟಾ ಸಂಸ್ಥೆಯು 2025ರ ಜೂನಿನಲ್ಲಿ ನಿಯಮ ಮಾಡಿತು.

ಬೆಂಚಿಗೂ ಮೊದಲು ಕೆಲವು ತಿಂಗಳ ತರಬೇತಿಯಿದೆ. ಇದನ್ನು ಕಾಲೇಜಿನ ಮುಂದುವರಿಕೆಯೆಂದು ಹಗುರವಾಗಿ ತಿಳಿಯಬಾರದು. ಇನ್ಫೋಸಿಸಿನ ಮೈಸೂರು ಆವರಣದಲ್ಲಿ ಪರೀಕ್ಷೆಯು ಮೂರು ಸಾರಿಯಾದರೂ ಕೈಗೂಡದ ನೂರಾರು ಮಂದಿಯನ್ನು 2025ರ ಫೆಬ್ರುವರಿಯಲ್ಲಿ ಬಿಡಿಸಲಾಯಿತು.

ಇನ್ನು ಕೆಲಸ ದೊರೆತ ಮೇಲಿನ ಸಂಗತಿ. ಹೊಸದನ್ನು ನಿರ್ಮಿಸುವೆನೆಂಬ ಆಸೆಯಿಂದ ಹೋದವಳಿಗೆ ಸಾಮಾನ್ಯವಾಗಿ ದೊರೆಯುವದು ಇತರರು ಎಂದೋ ಬರೆದಿಟ್ಟ ಪ್ರೋಗ್ರಾಮು. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಯ ಬರವಣಿಗೆಯು ಇಂದಿಗೂ ಬ್ಯಾಂಕುಗಳಲ್ಲಿ ನಡೆಯುತ್ತಿದೆ. ಗಿರಾಕಿಯಿಂದ ‘ಟಿಕೆಟ್’ ಎಂಬ ದೂರು ಬರುವದು. ತಪ್ಪು ಯಾವ ಸಾಲಿನಲ್ಲಿದೆಯೆಂದು ಹುಡುಕಬೇಕು. ತಿದ್ದುವದು ಒಂದೇ ಸಾಲಾಗಿರಬಹುದು, ಅದರಿಂದ ಬೇರೇನೂ ಕೆಡಲಿಲ್ಲವೆಂದು ಪರೀಕ್ಷಿಸುವದಕ್ಕೆ ಎರಡು ದಿವಸ ಹಿಡಿಯಬಹುದು. ಇದು ಬೇಸರದ ಕೆಲಸವೆಂದು ಹಲವರು ಹೇಳುವರು. ನಾವು ಹಾಗೆ ಹೇಳಲಾರೆವು; ಪರರ ಬರವಣಿಗೆಯನ್ನು ತಾಳ್ಮೆಯಿಂದ ಓದಬಲ್ಲವಳು ತನ್ನದನ್ನೂ ಚೊಕ್ಕಟವಾಗಿ ಬರೆಯುವಳು.

ಮನೆಗೆ ತಡವಾಗಿ ಬರುವ ಕಾರಣವನ್ನೂ ಹೇಳಬೇಕು. ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯಾದಾಗ ನಮ್ಮಲ್ಲಿ ಚಳಿಗಾಲವಾದರೆ ಸಂಜೆ 7-30, ಬೇಸಗೆಯಾದರೆ 6-30. ಅಮೇರಿಕದ ಗಿರಾಕಿಯ ಸಂಗಡ ಮಾತಾಡತಕ್ಕ ಸಮಯವು ಇದೇ.

ಹೊಸಬರ ಸಂಬಳವು ಅನೇಕ ದೊಡ್ಡ ಸಂಸ್ಥೆಗಳಲ್ಲಿ ಬಹುವರುಷಗಳಿಂದ ವರುಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿದೆ. ಭವಿಷ್ಯನಿಧಿ ಮೊದಲಾದವು ಕಳೆದು ಕೈಗೆ ಬರುವದು ಇನ್ನೂ ಕಡಿಮೆ. ಸಾಲವೆತ್ತುವ ಮೊದಲು ತಂದೆಯವರು ಇದನ್ನು ನೋಡಬೇಕು.

ಕೆಲವು ಸಂಸ್ಥೆಗಳು ಬಾಂಡನ್ನೂ ಬರೆಯಿಸಿಕೊಳ್ಳುವವು. ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಕೂಡದೆಂಬ ಷರತ್ತು 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ನಿಲ್ಲದು. ಆದರೆ ಅವಧಿಗೆ ಮುಂಚೆ ಬಿಟ್ಟರೆ ಹಣ ತೆರಬೇಕೆಂಬ ಷರತ್ತು ಬೇರೆ. ಬ್ಯಾಂಕೊಂದು ವಿಧಿಸಿದ್ದ 3 ವರುಷದ, 2 ಲಕ್ಷ ರೂಪಾಯಿಯ ಅಂಥ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಮೊತ್ತವೆಷ್ಟು, ಅವಧಿಯೆಷ್ಟು, ತರಬೇತಿಯ ತಿಂಗಳುಗಳೂ ಬೆಂಚಿನ ತಿಂಗಳುಗಳೂ ಆ ಅವಧಿಯಲ್ಲಿ ಸೇರುವವೋ ಎಂಬುದನ್ನು ಸಹಿಗೆ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.